ಕೈಯಿಂದ ಕೈಗೆ

2019ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲರಾದ ಸಂಜಯ ಹೆಗ್ಡೆಯವರ ಟ್ವಿಟರ್ ಖಾತೆಯನ್ನು ಆ ಸಂಸ್ಥೆ ಮುಚ್ಚಿತು. ಅದಕ್ಕೆ ಕಾರಣವಾದದ್ದು ಒಂದು ಛಾಯಾಚಿತ್ರ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಹಡಗುಕಟ್ಟೆಯೊಂದರಲ್ಲಿ ತೆಗೆದದ್ದು. ಹೊಸ ಹಡಗನ್ನು ನೀರಿಗಿಳಿಸುವ ಸಮಾರಂಭ. ಗುಂಪಾಗಿ ನೆರೆದ ಕಾರ್ಮಿಕರೆಲ್ಲ ಬಲಗೈ ಮುಂದಕ್ಕೆ ಚಾಚಿ ನಾಜಿ ವಂದನೆ ಸಲ್ಲಿಸುತ್ತಿದ್ದಾರೆ. ಅವರ ನಡುವೆ ಒಬ್ಬನು ಮಾತ್ರ ಎದೆಯ ಮೇಲೆ ಕೈಕಟ್ಟಿಕೊಂಡು ಸುಮ್ಮನೆ ನಿಂತಿದ್ದಾನೆ. ಆತನನ್ನು ಆಗಸ್ಟ್ ಲಾಂಡ್‌ಮೆಸರ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಹೆಗ್ಡೆಯವರು ಈ ಚಿತ್ರವನ್ನು ತಮ್ಮ ಪುಟದ ನೆತ್ತಿಯಲ್ಲಿ ಇಟ್ಟುಕೊಂಡಿದ್ದರು. ಇದು ದ್ವೇಷವನ್ನು ಹರಡುವ ಚಿತ್ರವೆಂದು ಸಂಸ್ಥೆ ತೀರ್ಮಾನಿಸಿತು. ಖಾತೆ ಒಮ್ಮೆ ಮರಳಿ ತೆರೆದು ಮತ್ತೆ ಮುಚ್ಚಿಹೋಯಿತು. ಎರಡನೆಯ ಸಲ ಅಪರಾಧಿಯಾದದ್ದು ಅವರು ಎರಡು ವರ್ಷ ಹಿಂದೆ ಹಂಚಿಕೊಂಡಿದ್ದ ಒಂದು ಕವಿತೆ: ಹಿಂದಿಯ ಗೋರಖ್ ಪಾಂಡೆಯವರದು. ಅನ್ನ ಬಟ್ಟೆ ನ್ಯಾಯಗಳನ್ನು ಕೇಳಿದವನನ್ನು ಗಲ್ಲಿಗೇರಿಸಿರಿ ಎಂದು ಆಳುವವರ ದನಿಯಲ್ಲಿಯೇ ಹೇಳಿಸುವ ವ್ಯಂಗ್ಯ ಕವಿತೆ ಅದು. ಓದಿದವರು, ಅಥವಾ ಓದಿದ ಯಂತ್ರ, ಅದನ್ನು ಕೊಲೆಬೆದರಿಕೆ ಎಂದು ತಿಳಿಯಿತು.

ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಗಳಲ್ಲಿ ವಾಚ್ಯಾರ್ಥವೆಂದರೇನು, ವ್ಯಂಗ್ಯಾರ್ಥವೆಂದರೇನು ಎಂದು ವಿವರಿಸಿದವನು ನಾನು. ಆನಂದವರ್ಧನನನ್ನು ಅರ್ಥಮಾಡಿಕೊಳ್ಳದೆ ಉತ್ತೀರ್ಣರಾದ ವಿದ್ಯಾರ್ಥಿಗಳನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಆದರೆ ಅವರಲ್ಲಿ ಯಾರೊಬ್ಬರಿಗೂ ಕೋಟ್ಯಂತರ ಜನರ ಮಾತನ್ನು ನಿಲ್ಲಿಸುವ ಅಧಿಕಾರವನ್ನು ವಿಶ್ವವಿದ್ಯಾನಿಲಯ ಕೊಟ್ಟಿರಲಿಲ್ಲ.

ಮುಂದೆ ನಡೆದದ್ದೇ ಈ ಭಾಷಣಕ್ಕೆ ನಿಮಿತ್ತ. ಆ ನವೆಂಬರ್ ತಿಂಗಳಿನಲ್ಲಿ ನಮ್ಮ ದೇಶದ ಸಾವಿರಾರು ಮಂದಿ ಟ್ವಿಟರನ್ನು ಬಿಟ್ಟು ‘ಮಾಸ್ಟೊಡಾನ್’ ಎಂಬ ಬೇರೊಂದು ತಾಣದತ್ತ ಹೊರಟರು. ಮಾಸ್ಟೊಡಾನ್ ಎಂದರೆ ಆನೆಯನ್ನು ಹೋಲುವ, ಎಂದೋ ಅಳಿದುಹೋದ ಒಂದು ಪ್ರಾಣಿ. ತಾಣವೆಂದೆನಲ್ಲ, ಅದು ಒಂದು ತಾಣವಲ್ಲವೆಂಬುದೇ ಅದರ ವಿಶೇಷ. ಜರ್ಮನಿಯ ಆಯ್‌ಗೆನ್ ರೋಚ್ಕೊ ಎಂಬ ತರುಣ 2016ರಲ್ಲಿ ಬರೆದು ಬಿಡುಗಡೆ ಮಾಡಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಗಣಕಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದು. ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಪ್ರತಿಯೊಂದು ಸರ್ವರೂ ಒಂದು ಮನೆ, ಮನೆಗೊಬ್ಬ ಯಜಮಾನ, ಅವನದೇ ಕಟ್ಟುಪಾಡು. ಆದರೆ ಒಂದು ಮನೆಯವರು ಇನ್ನೊಂದು ಮನೆಯವರೊಡನೆ ಮಾತಾಡಬಹುದು, ಏಕೆಂದರೆ ಮನೆಮನೆಗಳ ನಡುವಣ ವ್ಯವಹಾರಕ್ಕೆ ಎಲ್ಲರೂ ಒಪ್ಪಿದ ಒಂದು ಭಾಷೆಯಿದೆ. ‘ಆ್ಯಕ್ಟಿವಿಟಿಪಬ್’ ಎಂಬ ಆ ಭಾಷೆ 2018ರ ಜನವರಿಯಲ್ಲಿ ಅಂತರಜಾಲದ ಮಾನಕಗಳನ್ನು ರೂಪಿಸುವ ಸಂಸ್ಥೆಯ ಅಂಗೀಕಾರ ಪಡೆಯಿತು. ಒಂದು ಮನೆಯ ಬಾಗಿಲಿಗೆ ಬೀಗ ಬಿದ್ದರೆ ಊರೇನೂ ಮೂಕವಾಗುವುದಿಲ್ಲ.

ಹೊರಟವರ ದೂರು ಒಂದೇ ಆಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮಾತಾಡಲು ಬಿಡುತ್ತಿಲ್ಲವೆಂಬುದು ಒಂದು ದೂರು. ನಮ್ಮನ್ನು ಜಾತಿ ಹಿಡಿದು ಬೈಯುವವರನ್ನು ತಡೆಯುತ್ತಿಲ್ಲವೆಂಬುದು ಇನ್ನೊಂದು. ದಲಿತ ಬರಹಗಾರರು ಅದೇ ದಿನಗಳಲ್ಲಿ ಈ ಎರಡನ್ನೂ ಒಟ್ಟಿಗೆ ಎತ್ತಿ ಹೇಳಿದರು. ಹೆಚ್ಚು ಸ್ವಾತಂತ್ರ್ಯವೂ ಬೇಕು, ಹೆಚ್ಚು ಕಾವಲೂ ಬೇಕು ಎಂಬ ಈ ಬೇಡಿಕೆಯನ್ನು ವಿರೋಧಾಭಾಸವೆಂದು ನಗುವುದು ಸುಲಭ. ಬೈಸಿಕೊಂಡವರು ನಗಲಾರರು.

ಇದನ್ನು ಹೊಸದೆಂದು ಹೇಳುವವರುಂಟು. ಯಂತ್ರ ಹೊಸದು, ನಿಜ. ಉಪಾಯ ಹಳೆಯದು. ಮಾತನ್ನು ಅಡಗಿಸಬೇಕೆಂದಿರುವವನಿಗೆ ಎಲ್ಲ ಮಾತೂ ಒಂದೇ ಬಾಗಿಲಿನಿಂದ ಹೊರಬೀಳುತ್ತಿದ್ದರೆ ಬಹಳ ಅನುಕೂಲ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ದೆಹಲಿಯ ಬಹಾದ್ದೂರ್ ಷಾ ಜಫರ್ ಮಾರ್ಗದ ಮುದ್ರಣಾಲಯಗಳಿಗೆ ವಿದ್ಯುತ್ತನ್ನು ಕಡಿದರು. ಬೆಳಗಾದರೆ ಅಲ್ಲಿಯ ಪತ್ರಿಕೆಗಳಿಲ್ಲ. ಆದರೂ ‘ಹಿಂದೂಸ್ತಾನ್ ಟೈಮ್ಸ್’, ‘ಸ್ಟೇಟ್ಸ್‌ಮನ್’ ಪತ್ರಿಕೆಗಳು ಹೊರಬಂದವು. ಆ ಸಂಪಾದಕರು ಹೆಚ್ಚು ಧೀರರಾಗಿದ್ದರೆಂದಲ್ಲ. ಅವರ ಕಚೇರಿಗಳಿಗೆ ವಿದ್ಯುತ್ತು ಬರುತ್ತಿದ್ದುದು ಬೇರೆ ಪುರಸಭೆಯ ತಂತಿಯಲ್ಲಿ! ಒಂದು ದಿನದ ಮಟ್ಟಿಗೆ, ಬೇರೆ ತಂತಿಯೊಂದು ಇದ್ದದ್ದೇ ಪತ್ರಿಕಾ ಸ್ವಾತಂತ್ರ್ಯವಾಯಿತು. ಮರುದಿನದಿಂದ ಪೂರ್ವಪರಿಶೀಲನೆಯ ಅಧಿಕಾರಿಗಳು ಬಂದರು. ತಂತಿಯ ಭೇದ ಆ ಮೇಲೆ ಉಪಯೋಗಕ್ಕೆ ಬರಲಿಲ್ಲ.

ಕನ್ನಡದ ಮೇಷ್ಟರಿಗೆ ಈ ಸಂದರ್ಭದಲ್ಲಿ ಅತ್ತಿಮಬ್ಬೆಯ ನೆನಪು ಬಂದರೆ ಕೇಳುಗರು ಕ್ಷಮಿಸಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳೆಂದು ಪ್ರಸಿದ್ಧಿ. ಅವಳಿಗೆ ಎದುರಾಗಿ ನಿಂತದ್ದು ಯಾವ ಸರಕಾರವೂ ಅಲ್ಲ, ಗೆದ್ದಲು ಮತ್ತು ಮರೆವು. ಆದರೂ ಒಂದು ಭಂಡಾರ ಸುಟ್ಟರೆ ಇನ್ನೊಂದರಲ್ಲಿ ಉಳಿದೀತೆಂಬ ಲೆಕ್ಕಾಚಾರ ಒಂದೇ.

ಆ ಲೆಕ್ಕಾಚಾರವನ್ನು ಒಂದು ಬಲಿಷ್ಠ ರಾಷ್ಟ್ರದ ಎದುರಿಗೆ ಹೂಡಿ ಬಹುಕಾಲ ನಡೆಸಿದವರು ಸೋವಿಯತ್ ರಷ್ಯದ ಲೇಖಕರು, ವಿಜ್ಞಾನಿಗಳು, ಬೆರಳಚ್ಚಿನ ಹೆಂಗಸರು. ‘ಸಮಿಜ್ದಾತ್’ ಎಂದರೆ ಸ್ವಂತ ಪ್ರಕಟಣೆ. ಅಲ್ಲಿ ಮುದ್ರಣಯಂತ್ರವೆಲ್ಲ ಪ್ರಭುತ್ವದ ಕೈಯಲ್ಲಿದ್ದುದರಿಂದ ಉಳಿದದ್ದು ಬೆರಳಚ್ಚು ಯಂತ್ರ. ತೆಳುವಾದ ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಕೀಲಿಗಳನ್ನು ಬಲವಾಗಿ ಗುದ್ದಿದರೆ ಒಮ್ಮೆಗೆ ನಾಲ್ಕೈದು ಪ್ರತಿ. ಕೊನೆಯ ಪ್ರತಿಯನ್ನು ಕಣ್ಣು ಕಿರಿದು ಮಾಡಿ ಓದಬೇಕು. ಓದಿದವನು ತಾನೂ ನಾಲ್ಕೈದು ಪ್ರತಿ ತೆಗೆದು ಹಂಚಬೇಕು. ಪ್ರಕಾಶಕನಿಲ್ಲ, ಅಂಗಡಿಯಿಲ್ಲ, ಚಂದಾದಾರರ ಪಟ್ಟಿಯಿಲ್ಲ.

ಹೀಗೆ ಹರಡಿದ ಬರಹಗಳಲ್ಲೆಲ್ಲ ನನ್ನನ್ನು ಬಹುವಾಗಿ ಆಕರ್ಷಿಸಿದ್ದು ‘ಪ್ರಚಲಿತ ಘಟನೆಗಳ ವೃತ್ತಾಂತ’ ಎಂಬ ಅರ್ಥದ ಹೆಸರಿನ ಒಂದು ಪತ್ರಿಕೆ. ಅದರ ಮೊದಲ ಸಂಚಿಕೆಯ ದಿನಾಂಕ 1968ರ ಏಪ್ರಿಲ್ 30. ಮೊದಲ ಸಂಪಾದಕಿ ನತಾಲ್ಯ ಗೊರ್ಬನೆವ್‌ಸ್ಕಯಾ, ಕವಯಿತ್ರಿ. ಅದೇ ವರ್ಷ ಆಗಸ್ಟ್ 25ರಂದು, ಚೆಕೊಸ್ಲೊವಾಕಿಯದ ಮೇಲೆ ನಡೆದ ದಾಳಿಯನ್ನು ವಿರೋಧಿಸಿ ಮಾಸ್ಕೋದ ಕೆಂಪು ಚೌಕದಲ್ಲಿ ಕುಳಿತ ಕೆಲವೇ ಮಂದಿಯಲ್ಲಿ ಆಕೆ ಒಬ್ಬಳು. ಹಸುಗೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋಗಿದ್ದಳು. ಕವಿಯ ಕೈಯ ಪತ್ರಿಕೆಯೆಂದರೆ ಆವೇಶದ ಗದ್ಯವನ್ನು ನಾವು ನಿರೀಕ್ಷಿಸುತ್ತೇವೆ. ಅದರಲ್ಲಿ ವಿಶೇಷಣಗಳೇ ಇಲ್ಲವೆನ್ನಬೇಕು. ಇಂಥ ದಿನ ಇಂಥವರ ಮನೆ ಶೋಧಿಸಿದರು, ಇಷ್ಟು ಹಾಳೆ ಒಯ್ದರು, ಇಂಥ ಶಿಬಿರದಲ್ಲಿ ಇಂಥವರಿಗೆ ಇಷ್ಟು ದಿನ ಏಕಾಂತವಾಸ, ಬರಿಯ ವಿವರ. ಹಿಂದಿನ ಸಂಚಿಕೆಯಲ್ಲಿ ತಪ್ಪಿದ್ದರೆ ಮುಂದಿನದರಲ್ಲಿ ತಿದ್ದುಪಡಿ. ಸಿಕ್ಕಿಬಿದ್ದರೆ ಸೆರೆಮನೆಯೆಂದು ಗೊತ್ತಿರುವವರು ಒಂದು ಹೆಸರಿನ ತಪ್ಪನ್ನು ಸರಿಪಡಿಸಲು ಕಾರ್ಬನ್ ಹಾಳೆ ವೆಚ್ಚ ಮಾಡುತ್ತಿದ್ದರೆಂಬುದನ್ನು ಯೋಚಿಸಿ ನೋಡಬೇಕು.

ಇಷ್ಟೊಂದು ಸುದ್ದಿ ಎಲ್ಲಿಂದ ಬರುತ್ತಿತ್ತು? ಅಂಚೆಯನ್ನು ನಂಬುವಂತಿಲ್ಲ, ಸಂಪಾದಕರ ವಿಳಾಸವನ್ನು ಅಚ್ಚು ಹಾಕುವಂತಿಲ್ಲ. 1968ರ ಕೊನೆಯಲ್ಲಿ ಬಂದ ಐದನೆಯ ಸಂಚಿಕೆಯಲ್ಲಿ ಓದುಗರಿಗೆ ಒಂದು ಸೂಚನೆಯಿದೆ. ನಿಮಗೆ ತಿಳಿದ ಸಂಗತಿಯನ್ನು ಬರೆದು, ನಿಮಗೆ ಈ ಪ್ರತಿಯನ್ನು ಯಾರು ಕೊಟ್ಟರೋ ಅವರ ಕೈಗೆ ಕೊಡಿ. ಅವರು ತಮಗೆ ಕೊಟ್ಟವರಿಗೆ ಕೊಡುತ್ತಾರೆ. ಆದರೆ ಈ ಸರಪಣಿಯನ್ನು ಹಿಡಿದು ನೀವೇ ಮೇಲೆ ಹತ್ತಲು ಹೋಗಬೇಡಿ, ನಿಮ್ಮನ್ನು ಗೂಢಚಾರರೆಂದು ತಿಳಿದಾರು. ಇದು ಅದರ ಸಾರ. ಪತ್ರಿಕೆ ಇಳಿದು ಬಂದ ದಾರಿಯಲ್ಲಿಯೇ ಸುದ್ದಿ ಏರಿ ಹೋಗುತ್ತಿತ್ತು. ಪ್ರತಿಯೊಬ್ಬನಿಗೂ ಗೊತ್ತಿದ್ದದ್ದು ತನ್ನ ಮೇಲಿನ ಒಬ್ಬನೂ ಕೆಳಗಿನ ಕೆಲವರೂ ಮಾತ್ರ. ಇಂದಿನ ಜಾಲಗಳ ಶಿಲ್ಪಿಗಳು ಗಣಿತದಲ್ಲಿ ಹೇಳುವುದನ್ನು ಈ ಜನ ಅಡುಗೆಮನೆಯ ಮೇಜಿನ ಸುತ್ತ ಕುಳಿತು ಕಂಡುಕೊಂಡಿದ್ದರು.

ಗೊರ್ಬನೆವ್‌ಸ್ಕಯಾಳನ್ನು 1969ರ ಡಿಸೆಂಬರಿನಲ್ಲಿ ಬಂಧಿಸಿ ಹುಚ್ಚಾಸ್ಪತ್ರೆಯಲ್ಲಿಟ್ಟರು, ಹೊರಬಂದದ್ದು 1972ರಲ್ಲಿ. ಪತ್ರಿಕೆ ನಿಲ್ಲಲಿಲ್ಲ, ಇನ್ನೊಬ್ಬರು ಮುಂದುವರಿಸಿದರು. ಆದರೆ ನಿಲ್ಲಲೇ ಇಲ್ಲವೆಂದರೆ ಸುಳ್ಳಾದೀತು. 1972ರಲ್ಲಿ ಬಂಧಿತರಾದ ಯಾಕಿರ್ ಮತ್ತು ಕ್ರಾಸಿನ್ ಎಂಬ ಇಬ್ಬರು ಪ್ರಮುಖರು ವಿಚಾರಣೆಯಲ್ಲಿ ಕುಸಿದರು. ಅವರ ಬಾಯಿಂದ ಹಲವರ ಹೆಸರು ಹೊರಬಂದವು. ಇನ್ನೊಂದು ಸಂಚಿಕೆ ಬಂದರೆ ಇನ್ನಷ್ಟು ಜನರನ್ನು ಹಿಡಿಯುತ್ತೇವೆ, ಅವರು ಸಂಚಿಕೆ ಮಾಡಿದವರೇ ಆಗಬೇಕೆಂದಿಲ್ಲ ಎಂದು ಪೊಲೀಸರು ಸಾರಿದರು. ತನ್ನ ತಲೆಗೆ ಬರುವುದನ್ನು ಎದುರಿಸಲು ಸಿದ್ಧನಾದವನು ಇನ್ನೊಬ್ಬನ ತಲೆಗೆ ಬರುವುದನ್ನು ಎದುರಿಸಲಾರ. ಒಂದೂವರೆ ವರ್ಷ ಪತ್ರಿಕೆ ಹೊರಬರಲಿಲ್ಲ. 1974ರ ಮೇ ತಿಂಗಳಿನಲ್ಲಿ, ಬಾಕಿ ಉಳಿದಿದ್ದ ಸಂಚಿಕೆಗಳನ್ನು ಒಟ್ಟಿಗೆ ಹೊರತಂದು ಮತ್ತೆ ಆರಂಭಿಸಿದರು. ಕೊನೆಯ ಸಂಚಿಕೆಯ ಸಂಖ್ಯೆ 64. 1982ರ ಮಧ್ಯದವರೆಗಿನ ಸುದ್ದಿ ಅದರಲ್ಲಿದೆ. ನಡುವೆ ಐವತ್ತೊಂಬತ್ತನೆಯದನ್ನು ಪೊಲೀಸರು ಸಿದ್ಧತೆಯಲ್ಲಿರುವಾಗಲೇ ಒಯ್ದರು.

ಇಲ್ಲಿ ನನ್ನದೊಂದು ಸಣ್ಣ ವಿಷಯ ಹೇಳದಿದ್ದರೆ ಉಳಿದದ್ದನ್ನು ಹೇಳುವ ಅಧಿಕಾರ ನನಗಿಲ್ಲ. 1976ರಲ್ಲಿ ನಾನು ಪಿಯುಸಿ ವಿದ್ಯಾರ್ಥಿ. ನಮ್ಮ ತಂದೆ ಸರಕಾರಿ ಶಾಲೆಯ ಉಪಾಧ್ಯಾಯರು. ಒಂದು ಸಂಜೆ ಸಹಪಾಠಿಯೊಬ್ಬ ನನ್ನ ನೋಟುಪುಸ್ತಕದೊಳಗೆ ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ ಸೇರಿಸಿ, ‘ಓದಿ ನಾಲ್ಕು ಪ್ರತಿ ಬರೆದು ನಾಲ್ಕು ಜನಕ್ಕೆ ಕೊಡಪ್ಪ’ ಎಂದ. ಬಂಧನದಲ್ಲಿದ್ದವರ ಹೆಸರುಗಳು ಅದರಲ್ಲಿದ್ದವು. ಮಸಿ ಇನ್ನೂ ಕೈಗೆ ಅಂಟುತ್ತಿತ್ತು. ರಾತ್ರಿಯೆಲ್ಲ ಹಾಸಿಗೆಯ ಕೆಳಗಿಟ್ಟುಕೊಂಡು ಮಲಗಿದೆ, ನಿದ್ರೆ ಬರಲಿಲ್ಲ. ಬೆಳಗಿನ ಜಾವ ಎದ್ದು ಬಚ್ಚಲ ಒಲೆಗೆ ಹಾಕಿದೆ. ಎರಡು ದಿನ ಬಿಟ್ಟು ಆತ ಕೇಳಿದಾಗ, ಕೊಟ್ಟೆ ಎಂದೆ. ನನ್ನನ್ನು ಯಾವ ಪೊಲೀಸನೂ ಬೆದರಿಸಿರಲಿಲ್ಲ; ಯಾವ ಅಧಿಕಾರಿಯೂ ಆ ಹಾಳೆಯನ್ನು ನೋಡಿರಲಿಲ್ಲ. ಆ ನಾಲ್ಕು ಜನರಿಗೂ ಅವರ ಮುಂದಿನ ಹದಿನಾರು ಜನರಿಗೂ ಆ ಹೆಸರುಗಳು ತಲುಪದಂತೆ ಮಾಡಿದವನು ನಾನೇ. ಮನೆಯಲ್ಲಿ ಕೂಡ ಇದನ್ನು ಬಹಳ ವರ್ಷ ಹೇಳಿರಲಿಲ್ಲ.

ಈಗಿನ ಜಾಲಗಳ ಬಗೆಗೆ ಉತ್ಸಾಹದಿಂದ ಮಾತಾಡುವ ತರುಣರು ‘ಇದನ್ನು ಯಾರೂ ಮುಚ್ಚಲಾರರು ಸಾರ್’ ಎಂದಾಗ ನನಗೆ ಆ ಒಲೆ ನೆನಪಾಗುತ್ತದೆ. ಜಾಲವನ್ನು ಮುಚ್ಚಲಾರರು, ನಿಜವೇ ಇರಬಹುದು. ಮನೆಗಳನ್ನು ಮುಚ್ಚಬಹುದಲ್ಲ! 2023ರ ಮೇ ತಿಂಗಳಿನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಬೇರಾವುದೋ ಪ್ರಕರಣಕ್ಕಾಗಿ ಒಬ್ಬನ ಮನೆಯನ್ನು ಶೋಧಿಸಿತು. ಅವನು ‘ಕೊಲೆಕ್ಟಿವಾ’ ಎಂಬ ಮಾಸ್ಟೊಡಾನ್ ಸರ್ವರಿನ ಯಜಮಾನರಲ್ಲೊಬ್ಬ. ದುರಸ್ತಿಗೆಂದು ಅವನು ತೆಗೆದಿಟ್ಟಿದ್ದ ಸರ್ವರಿನ ನಕಲು ಗುಪ್ತಲಿಪಿಯ ಬೀಗವಿಲ್ಲದೆ ಮನೆಯಲ್ಲಿತ್ತು. ಸಾವಿರಾರು ಜನರ ಖಾಸಗಿ ಮಾತುಗಳೊಂದಿಗೆ ಅದೂ ಹೋಯಿತು. ದೊಡ್ಡ ಕಂಪನಿಯಾದರೆ ವಕೀಲರ ದಂಡಿರುತ್ತದೆ. ಮನೆಯ ಪಡಸಾಲೆಯಲ್ಲಿ ಸರ್ವರ್ ಇಟ್ಟವನಿಗೆ ಬಾಗಿಲು ಬಡಿದಾಗ ತೆರೆಯಲು ಅವನೊಬ್ಬನೇ.

ಮನೆಯನ್ನು ಮುಟ್ಟದೆ ಅದರ ಹೆಸರನ್ನು ಕಿತ್ತುಕೊಳ್ಳುವ ಕ್ರಮವೂ ಉಂಟು. ಜಾಲದ ಹಲವು ವಿಳಾಸಗಳ ಕೊನೆಯಲ್ಲಿ ದೇಶಸೂಚಕವಾದ ಎರಡು ಅಕ್ಷರಗಳಿರುತ್ತವೆ. ಇಂಗ್ಲಿಷಿನ ಆಡುಮಾತಿನಲ್ಲೊಂದು ಚಮತ್ಕಾರವಾಗುತ್ತದೆಂದು, ಲೈಂಗಿಕ ಅಲ್ಪಸಂಖ್ಯಾತರ ಒಂದು ಸರ್ವರಿನವರು ‘ಎಎಫ್’ ಎಂದು ಮುಗಿಯುವ ವಿಳಾಸವನ್ನು ಪಡೆದಿದ್ದರು. ಅದು ಆಫ್ಘಾನಿಸ್ತಾನದ ಸೂಚಕ. 2021ರಲ್ಲಿ ಅಲ್ಲಿ ತಾಲಿಬಾನ್ ಆಳ್ವಿಕೆ ಮರಳಿತು. 2024ರ ಫೆಬ್ರವರಿಯಲ್ಲಿ ಆ ಹೆಸರನ್ನು ರದ್ದು ಮಾಡಿದರು. ಯಂತ್ರ ಇದ್ದಲ್ಲಿಯೇ ಇತ್ತು, ಜನರೂ ಇದ್ದರು, ಕರೆಯಲು ಹೆಸರಿಲ್ಲದಂತಾಯಿತು. ಶ್ಲೇಷೆಯ ಚಪಲಕ್ಕೆ ಇಷ್ಟು ದುಬಾರಿ ಬೆಲೆ ತೆತ್ತವರು ನಮ್ಮ ಚಂಪೂಕವಿಗಳಲ್ಲಿಯೂ ಇರಲಾರರು.

ಇನ್ನು ಈ ಹಲವು ಮನೆಗಳ ಊರಿನಲ್ಲಿ ದುಷ್ಟರು ಬಂದು ನೆಲೆಸಿದರೆ? ಬಂದರು. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ ಹನ್ನೊಂದು ಜನರನ್ನು ಕೊಂದವನು ‘ಗ್ಯಾಬ್’ ಎಂಬ ತಾಣದಲ್ಲಿ ತನ್ನ ದ್ವೇಷವನ್ನು ಬರೆದಿದ್ದ. ಎಲ್ಲ ಕಡೆ ತಿರಸ್ಕೃತವಾದ ಆ ತಾಣ 2019ರ ಜುಲೈಯಲ್ಲಿ, ನಮ್ಮವರು ಅತ್ತ ಹೋಗುವುದಕ್ಕೆ ನಾಲ್ಕು ತಿಂಗಳು ಮುಂಚೆ, ಮಾಸ್ಟೊಡಾನಿನ ತಂತ್ರಾಂಶವನ್ನೇ ಎತ್ತಿಕೊಂಡು ಊರೊಳಗೆ ಬಂದಿತು. ತಂತ್ರಾಂಶ ಎಲ್ಲರದು, ಬೇಡವೆನ್ನಲು ರೋಚ್ಕೊಗೆ ಹಕ್ಕಿಲ್ಲ. ಆದರೆ ಅಲ್ಲಿಯ ಮನೆಗಳು ಒಂದೊಂದಾಗಿ ಅದರೊಡನೆ ಮಾತು ಬಿಟ್ಟವು. ಅಪ್ಪಣೆ ಮಾಡಿದವರಿಲ್ಲ; ಬಹಿಷ್ಕಾರ ಮಾತ್ರ ನಡೆಯಿತು. ಗ್ಯಾಬ್ ಮುಚ್ಚಲಿಲ್ಲ, ತನ್ನೊಡನೆ ತಾನೇ ಮಾತಾಡಿಕೊಂಡು ಉಳಿಯಿತು. ಇದು ನ್ಯಾಯವೆಂದು ನನ್ನ ಮನಸ್ಸು ಒಪ್ಪುತ್ತದೆ. ಆದರೂ ಬಹಿಷ್ಕಾರ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಯಾರ ಮೇಲೆ, ಯಾವ ಕಾರಣಕ್ಕೆ ಪ್ರಯೋಗವಾಗುತ್ತಿತ್ತೆಂಬುದನ್ನು ಬಲ್ಲ ನಾವು ಅದನ್ನು ಹಗುರವಾಗಿ ಹೊಗಳುವಂತಿಲ್ಲ.

2025ರಲ್ಲಿ ಟರ್ಕಿಯಲ್ಲಿ ನಡೆದ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಮಾರ್ಚ್ ತಿಂಗಳಿನಲ್ಲಿ ಇಸ್ತಾನ್‌ಬುಲ್ಲಿನ ಮೇಯರ್ ಎಕ್ರೆಮ್ ಇಮಾಮೊಗ್ಲು ಅವರ ಬಂಧನವಾಗಿ, ವಿರೋಧದ ದನಿಗಳು ‘ಬ್ಲೂಸ್ಕೈ’ ಎಂಬ ಜಾಲಕ್ಕೆ ಬಂದು ಸೇರಿದವು. ಇದೂ ವಿಕೇಂದ್ರೀಕರಣವನ್ನೇ ಮಂತ್ರವಾಗಿ ಜಪಿಸುವ ಜಾಲ. ಏಪ್ರಿಲಿನಲ್ಲಿ ಸರಕಾರ ಕೇಳಿದಾಗ, 72 ಖಾತೆಗಳನ್ನು ಟರ್ಕಿಯ ಓದುಗರಿಗೆ ಕಾಣದಂತೆ ಮಾಡಲು ಆ ಸಂಸ್ಥೆ ಒಪ್ಪಿತು. ಆದರೆ ಒಂದು ವಿಶೇಷವಿದೆ. ಆ ಬರಹಗಳು ಅಳಿಸಿಹೋಗಲಿಲ್ಲ. ಟರ್ಕಿಯಲ್ಲಿ ತೋರಿಸಬಾರದೆಂಬ ಒಂದು ಚೀಟಿಯನ್ನು ಅವುಗಳ ಮೇಲೆ ಅಂಟಿಸಿದರು. ಸಂಸ್ಥೆಯ ಸ್ವಂತ ಕನ್ನಡಿ ಆ ಚೀಟಿಯನ್ನು ಪಾಲಿಸಿತು. ಬೇರೆಯವರು ಮಾಡಿದ ಕನ್ನಡಿಗಳಲ್ಲಿ, ಅವರು ಪಾಲಿಸದಿದ್ದರೆ, ಬರಹ ಕಾಣುತ್ತಲೇ ಇತ್ತು. ಸ್ವಾತಂತ್ರ್ಯ ಉಳಿಯಿತು, ಹುಡುಕಿಕೊಂಡು ಹೋಗುವ ಬುದ್ಧಿವಂತರಿಗೆ. ಬಹುಪಾಲು ಜನ ಸಂಸ್ಥೆ ಕೊಟ್ಟ ಕನ್ನಡಿಯಲ್ಲಿಯೇ ನೋಡುತ್ತಾರೆ. ‘ನಾಸ್ಟರ್’ ಎಂಬ ಇನ್ನೊಂದು ವ್ಯವಸ್ಥೆ ಯಜಮಾನರನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟಿದೆ. ಅಲ್ಲಿ ಖಾತೆಯೆಂದರೆ ನಿಮ್ಮ ಜೇಬಿನ ಒಂದು ಗುಪ್ತ ಸಂಖ್ಯೆ, ಅಷ್ಟೆ. ಅದನ್ನು ಬಳಸುವ ಒಂದು ಆ್ಯಪ್ 2023ರ ಫೆಬ್ರವರಿಯಲ್ಲಿ ಚೀನಾದ ಆ್ಯಪಲ್ ಅಂಗಡಿಗೆ ಬಂದು ಎರಡೇ ದಿನಗಳಲ್ಲಿ ಮಾಯವಾಯಿತು. ಸಾವಿರ ಬಾಗಿಲಿನ ಮನೆ ಕಟ್ಟಿದರೂ ಸಂತೆಗೆ ದಾರಿ ಒಂದೇ ಆದರೆ ಅಲ್ಲಿ ಸುಂಕದವನು ಕುಳಿತಿರುತ್ತಾನೆ.

ನಮ್ಮಲ್ಲಿಯ ಕಾನೂನಿನ ಮಾತನ್ನು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನ ಮೇರೆಗೆ ಕೇಂದ್ರ ಸರಕಾರ ಬರಹಗಳನ್ನು ತಡೆಹಿಡಿಸಬಹುದು. 2009ರ ನಿಯಮಗಳ ಪ್ರಕಾರ ಆ ವ್ಯವಹಾರ ಗೋಪ್ಯ. ಇದರಡಿಯ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ 2022ರಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೇ ಬಂದಿತ್ತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, 50 ಲಕ್ಷ ರೂಪಾಯಿ ದಂಡವೆಚ್ಚದೊಂದಿಗೆ. ತೀರ್ಪಿನ ಗುಣದೋಷ ನ್ಯಾಯಶಾಸ್ತ್ರಜ್ಞರಿಗೆ ಬಿಟ್ಟದ್ದು. ನನ್ನ ಕುತೂಹಲ ಬೇರೆ: ಅಷ್ಟು ದೊಡ್ಡ ಕಂಪನಿಯಾದ್ದರಿಂದ ನ್ಯಾಯಾಲಯದವರೆಗೆ ಬಂದಿತು, ನಮಗೂ ಸುದ್ದಿ ತಿಳಿಯಿತು. ಇನ್ನೂರು ಜನರ ಒಂದು ಪುಟ್ಟ ಸರ್ವರಿಗೆ ಅಂಥ ಆದೇಶ ಬಂದರೆ ಅದರ ಯಜಮಾನ ಏನು ಮಾಡಿಯಾನು?

ಈ ಪ್ರಶ್ನೆಯನ್ನು ನಾನು ಸುಮ್ಮನೆ ಕೇಳುತ್ತಿಲ್ಲ. 2019ರಲ್ಲಿ ಹೊರಟವರಲ್ಲಿ ಬಹಳ ಮಂದಿ ಹಿಂತಿರುಗಿದರು; ಗೆಳೆಯರೆಲ್ಲ ಹಳೆಯ ಪೇಟೆಯಲ್ಲಿಯೇ ಇದ್ದರಲ್ಲ. ಹಿಂತಿರುಗದವರಲ್ಲಿ ಒಬ್ಬ ನನ್ನ ಹಳೆಯ ಶಿಷ್ಯ. ಸಂಬಳದಲ್ಲಿ ಉಳಿಸಿ ಒಂದು ಸಣ್ಣ ಸರ್ವರ್ ನಡೆಸುತ್ತಾನೆ. ಕವಿತೆ ಬರೆಯುವವರು, ಅದನ್ನು ಬೈಯುವವರು, ಇಬ್ಬರೂ ಅಲ್ಲಿದ್ದಾರೆ. ಕಳೆದ ಯುಗಾದಿಗೆ ಮನೆಗೆ ಬಂದಿದ್ದ. ಬಚ್ಚಲ ಒಲೆಯ ಕಥೆಯನ್ನು ಅವನಿಗೆ ಒಮ್ಮೆ ಹೇಳಿದ್ದೆ. ಹೋಗುವಾಗ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಿಸ್ಕನ್ನು ಮೇಜಿನ ಮೇಲಿಟ್ಟು, ‘ಇದು ನಮ್ಮ ಮನೆಯ ಒಂದು ಪ್ರತಿ ಸಾರ್. ಇನ್ನೂ ಮೂರು ಬೇರೆ ಬೇರೆ ಊರಿನಲ್ಲಿವೆ. ನಿಮ್ಮ ಹತ್ತಿರ ಇರಲಿ’ ಎಂದ. ಅದಕ್ಕೆ ಗುಪ್ತಲಿಪಿಯ ಬೀಗವಿದೆ. ಕೀಲಿಯನ್ನು ನನಗೆ ಕೊಟ್ಟಿಲ್ಲ. ಕೊಡದಿರುವುದೇ ನನಗೆ ಕ್ಷೇಮವೆಂದ. ಉಳಿದ ಮೂವರು ಯಾರೆಂದು ನಾನು ಕೇಳಲಿಲ್ಲ. ಡಿಸ್ಕು ಬೀರುವಿನ ಮೇಲಿನ ತಟ್ಟಿನಲ್ಲಿ, ರನ್ನನ ಪಕ್ಕಕ್ಕೆ ಇದೆ.